ಕೆನ್ಯಾಕ್ಕೆ ಹೊರಟವರ ಆರೋಗ್ಯ: ಹೊರಡುವ ಮುನ್ನ, ಮರಳಿದ ಮೇಲೆ

ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳು ನದಿ ದಾಟುವುದನ್ನು ನೋಡಬೇಕಾದರೆ ಜುಲೈನಿಂದ ಅಕ್ಟೋಬರ್ ನಡುವೆ ಹೋಗಬೇಕು ಎಂದು ಪ್ರವಾಸ ಏರ್ಪಡಿಸುವವರು ನಿಮಗೆ ಹೇಳಿರುತ್ತಾರೆ. ಹಾಗೆ ಆಗಸ್ಟ್‌ನಲ್ಲಿ ಹೊರಡುವವರು ಜೂನ್ ಮುಗಿಯುವುದರೊಳಗೆ ಒಮ್ಮೆ ವೈದ್ಯರನ್ನು ಕಾಣಬೇಕು ಎಂಬುದನ್ನು ಹೇಳುವವರು ಕಡಿಮೆ. ನಿಮ್ಮೆದುರು ನಾನು ಇಡಬೇಕೆಂದಿರುವ ಮುಖ್ಯ ವಿಚಾರವೂ ಇದೇ ಆಗಿದೆ. ವಿದೇಶ ಪ್ರವಾಸದಲ್ಲಿ ಆರೋಗ್ಯ ಉಳಿಯುತ್ತದೆಯೋ ಕೆಡುತ್ತದೆಯೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಹೊರಡುವುದಕ್ಕೆ ಮುಂಚಿನ ಆರು ವಾರಗಳಲ್ಲಿ ಮತ್ತು ಮರಳಿ ಬಂದ ಮೇಲಿನ ಕೆಲವು ತಿಂಗಳುಗಳಲ್ಲಿ. ನಡುವೆ ಅಲ್ಲಿ ಕಳೆಯುವ ಎಂಟು ಹತ್ತು ದಿನಗಳಲ್ಲಿ ಸೊಳ್ಳೆ, ನೀರು, ಊಟ ಈ ಮೂರರ ಬಗ್ಗೆ ಎಚ್ಚರವಿರಬೇಕು. ಆ ಎಚ್ಚರಕ್ಕೆ ಬೇಕಾದ ಸಾಮಗ್ರಿಯನ್ನೂ ಇಲ್ಲಿಂದಲೇ ಹೊಂದಿಸಿಕೊಂಡು ಹೋಗಬೇಕು. ಕೆನ್ಯಾವನ್ನು ಉದಾಹರಣೆಯಾಗಿ ಇಟ್ಟುಕೊಂಡು ಮಾತನಾಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಹೊರಟಿರುವುದು ಅಲ್ಲಿಗೆ. ಉಗಾಂಡಾ, ತಾಂಜಾನಿಯಾ, ಇಥಿಯೋಪಿಯಾಗಳಿಗೆ ಹೋಗುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲು ಹಳದಿ ಜ್ವರದ ಲಸಿಕೆ. ಇದನ್ನು ವೀಸಾ ಕಾಗದಗಳ ಜೊತೆ ಲಗತ್ತಿಸಬೇಕಾದ ಇನ್ನೊಂದು ಕಾಗದ ಎಂದಷ್ಟೇ ತಿಳಿದವರು ಬಹಳ ಮಂದಿ ಇದ್ದಾರೆ. ಕೆನ್ಯಾದಂಥ ದೇಶಗಳಿಂದ ಬಂದಿಳಿಯುವವರ ಬಳಿ ಈ ಲಸಿಕೆಯ ಪ್ರಮಾಣಪತ್ರ ಇರಬೇಕೆಂಬ ನಿಯಮವನ್ನು ನಮ್ಮ ಸರ್ಕಾರ ಇಷ್ಟು ಕಟ್ಟುನಿಟ್ಟಾಗಿ ಪಾಲಿಸಲು ಗಟ್ಟಿಯಾದ ಕಾರಣವಿದೆ. ಹಳದಿ ಜ್ವರ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ರೋಗ. ಭಾರತದಲ್ಲಿ ಅದು ಇಂದಿನವರೆಗೂ ನೆಲೆಯೂರಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲಿ, ಹಳೆಯ ಟೈರುಗಳಲ್ಲಿ, ಮುಚ್ಚದ ಸಂಪುಗಳಲ್ಲಿ ಯಥೇಚ್ಛವಾಗಿ ಬೆಳೆಯುತ್ತದೆ. ನಮ್ಮೂರುಗಳಲ್ಲಿ ಡೆಂಗ್ಯೂ ಹರಡುತ್ತಿರುವುದು ಇದೇ ಸೊಳ್ಳೆ. ರೋಗ ಹರಡುವ ಸೊಳ್ಳೆಯೂ ಇದೆ, ಲಸಿಕೆ ಪಡೆಯದ ಕೋಟ್ಯಂತರ ಜನರೂ ಇದ್ದಾರೆ. ಇಲ್ಲದಿರುವುದು ವೈರಾಣು ಒಂದೇ. ಅದನ್ನು ರಕ್ತದಲ್ಲಿ ಹೊತ್ತು ತರುವ ಪ್ರಯಾಣಿಕನೊಬ್ಬ ಬಂದಿಳಿದರೆ ಏನಾಗಬಹುದು ಎಂಬ ಭಯ ಊಹೆಯ ಮಾತಲ್ಲ. 2016ರಲ್ಲಿ ಅಂಗೋಲಾದಲ್ಲಿ ದೊಡ್ಡ ಸಾಂಕ್ರಾಮಿಕ ಎದ್ದಾಗ ಅಲ್ಲಿ ದುಡಿಯುತ್ತಿದ್ದ ಚೀನೀಯರಲ್ಲಿ 11 ಮಂದಿ ಈ ಸೋಂಕಿನೊಂದಿಗೆ ಚೀನಾಕ್ಕೆ ಮರಳಿದರು. ಅದೃಷ್ಟವಶಾತ್ ಅಲ್ಲಿ ರೋಗ ಹರಡಲಿಲ್ಲ. ಕೆನ್ಯಾದಲ್ಲಿಯೂ 2022ರಲ್ಲಿ ಇಸಿಯೊಲೊ ಪ್ರಾಂತ್ಯದಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು.

ಆದ್ದರಿಂದ ಕೆನ್ಯಾದಿಂದ ಬಂದಿಳಿಯುವಾಗ ನಿಮ್ಮಲ್ಲಿ ಸಿಂಧುವಾದ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ನಿಮ್ಮನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೊಳ್ಳೆ ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು. ಪ್ರತ್ಯೇಕವಾಸದ ಅವಧಿ ಆ ಲೆಕ್ಕದಿಂದ ಬಂದದ್ದು. ಲಸಿಕೆಯನ್ನು ಸರ್ಕಾರ ಅಧಿಕೃತವಾಗಿ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕು. ನಿಮ್ಮ ಬಡಾವಣೆಯ ನರ್ಸಿಂಗ್ ಹೋಂನಲ್ಲಿ ಪಡೆದ ಚುಚ್ಚುಮದ್ದಿನ ಚೀಟಿಗೆ ಇಲ್ಲಿ ಬೆಲೆಯಿಲ್ಲ. ಅಂಥ ಕೇಂದ್ರಗಳು ಕಡಿಮೆ, ಅಲ್ಲಿ ಮುಂಗಡವಾಗಿ ದಿನ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಪ್ರಮಾಣಪತ್ರ ಸಿಂಧುವಾಗುವುದು ಲಸಿಕೆ ಪಡೆದ 10 ದಿನಗಳ ನಂತರ ಎಂಬುದನ್ನು ನೆನಪಿಡಿ. ಹೊರಡುವ ಹಿಂದಿನ ವಾರ ಓಡಾಡಿ ಪಡೆದರೆ ಅದು ನಿಮ್ಮನ್ನು ಕಾಯುವುದೂ ಇಲ್ಲ, ಕಾಗದವೂ ಒಪ್ಪಿಗೆಯಾಗುವುದಿಲ್ಲ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಲಸಿಕೆ ಪಡೆಯಬೇಕಿತ್ತು. 2016ರ ಜುಲೈನಿಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಬದಲಾಗಿವೆ. ಒಮ್ಮೆ ಪಡೆದ ಲಸಿಕೆಯ ಪ್ರಮಾಣಪತ್ರ ಈಗ ಜೀವಿತಾವಧಿಗೆ ಸಿಂಧು. ಹಳೆಯ ಪುಸ್ತಿಕೆ ಮನೆಯಲ್ಲಿದ್ದವರು ಅದನ್ನು ಹುಡುಕಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಇಲ್ಲಿ ಹಿರಿಯರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇದು ಬಲಗುಂದಿಸಿದ ಜೀವಂತ ವೈರಾಣುವಿನಿಂದ ತಯಾರಿಸಿದ ಲಸಿಕೆ. 1930ರ ದಶಕದಲ್ಲಿ ಮ್ಯಾಕ್ಸ್ ಥೀಲರ್ ರೂಪಿಸಿದ 17ಡಿ ಎಂಬ ತಳಿಯನ್ನೇ ಇಂದಿಗೂ ಬಳಸುತ್ತಾರೆ. ಆ ಕೆಲಸಕ್ಕೆ ಅವರಿಗೆ 1951ರಲ್ಲಿ ನೊಬೆಲ್ ಬಂತು. ಬಹಳ ಒಳ್ಳೆಯ ಲಸಿಕೆ, ಆದರೆ ಎಲ್ಲರಿಗೂ ಅಲ್ಲ. 60 ದಾಟಿದವರಲ್ಲಿ, ಮೊದಲ ಬಾರಿಗೆ ಪಡೆಯುವಾಗ, ಅಪರೂಪಕ್ಕೆ ಗಂಭೀರವಾದ ಅಡ್ಡಪರಿಣಾಮಗಳು ಕಿರಿಯರಿಗಿಂತ ಹೆಚ್ಚಾಗಿ ಕಂಡುಬಂದಿವೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯ ನಂತರ ಅಥವಾ ಸಂಧಿವಾತಕ್ಕಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿರುವವರು, ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು ಇದನ್ನು ಪಡೆಯಬಾರದು. ಇಂಥವರಿಗೆ ವೈದ್ಯರು ವಿನಾಯಿತಿ ಪತ್ರ ಕೊಡಬಹುದು. ಆದರೂ ಮರಳಿದಾಗ ನಿಗಾದಲ್ಲಿ ಇರಬೇಕಾದ ಪ್ರಸಂಗ ಬರಬಹುದು. ಲಸಿಕಾ ಕೇಂದ್ರದ ಸಾಲಿನಲ್ಲಿ ನಿಂತಾಗ, ವಯಸ್ಸನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಮುಚ್ಚಿಡದೆ ಹೇಳಿ. ಎಪ್ಪತ್ತು ದಾಟಿದ, ಮಧುಮೇಹ ಮತ್ತು ಹೃದ್ರೋಗ ಎರಡೂ ಇರುವ ತಂದೆ ತಾಯಿಯರನ್ನು ಕರೆದೊಯ್ಯಬೇಕೆಂದಿರುವ ಮಕ್ಕಳಿಗೆ ನನ್ನ ಸಲಹೆ: ಟಿಕೆಟ್ ಕಾಯ್ದಿರಿಸುವ ಮೊದಲೇ ಅವರ ವೈದ್ಯರೊಡನೆ ಕುಳಿತು ಮಾತನಾಡಿ.

ಲಸಿಕೆ ಎಂದಾಗ ಇನ್ನೂ ನಾಲ್ಕಾರು ವಿಷಯಗಳಿವೆ, ಅವನ್ನು ಬೇಗ ಹೇಳಿ ಮುಗಿಸುತ್ತೇನೆ. ಟೈಫಾಯ್ಡ್ ಲಸಿಕೆಯನ್ನು ಪಡೆಯಿರಿ. ಹೊಸ ತಲೆಮಾರಿನ ಟೈಫಾಯ್ಡ್ ಲಸಿಕೆಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ. ಟೆಟನಸ್ ಚುಚ್ಚುಮದ್ದು ಹತ್ತು ವರ್ಷ ಹಳತಾಗಿದ್ದರೆ ಇನ್ನೊಂದು ಪಡೆಯಿರಿ. ಕೆಲವು ದೇಶಗಳಿಗೆ ಹೋಗುವ ಭಾರತೀಯರು ಹೊರಡುವ ನಾಲ್ಕು ವಾರ ಮೊದಲು ಪೋಲಿಯೊ ಹನಿ ಹಾಕಿಸಿಕೊಳ್ಳಬೇಕೆಂಬ ಸೂಚನೆ ಇದೆ, ಆ ದೇಶಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಮೊಮ್ಮಕ್ಕಳಿಗೆ ಹಾಕುವ ಹನಿ ನಮಗೇಕೆ ಎಂದು ಆಶ್ಚರ್ಯಪಡಬೇಡಿ. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದು, ಅದು ಮತ್ತೆ ಒಳಗೆ ಬಾರದಂತೆ ಕಾಯುವ ಉಪಾಯಗಳಲ್ಲಿ ಇದೂ ಒಂದು. ಹಜ್ ಯಾತ್ರೆಗೆ ಹೋಗುವವರು ಸಭೆಯಲ್ಲಿದ್ದರೆ ಅವರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ, ಅದನ್ನೂ ಹೊರಡಲು 10 ದಿನ ಮೊದಲೇ ಪಡೆದಿರಬೇಕು.

ಹೆಪಟೈಟಿಸ್ ಎ ಬಗ್ಗೆ ಮಾತ್ರ ತುಸು ನಿಲ್ಲಬೇಕು. ನೀರಿನಿಂದ, ಆಹಾರದಿಂದ ಹರಡುವ ಕಾಮಾಲೆ ಇದು. ನನ್ನ ವಯಸ್ಸಿನವರಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲೇ, ಗೊತ್ತಾಗದಂತೆ, ಈ ಸೋಂಕು ಬಂದು ಹೋಗಿದೆ. ಜೀವನಪೂರ್ತಿ ರಕ್ಷಣೆಯನ್ನೂ ಕೊಟ್ಟಿದೆ. ಆದರೆ ಶುದ್ಧೀಕರಿಸಿದ ನೀರನ್ನೇ ಕುಡಿದು ನಗರದಲ್ಲಿ ಬೆಳೆದ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಆ ರಕ್ಷಣೆ ಇಲ್ಲದಿರಬಹುದು. ಈ ಸೋಂಕು ಪುಟ್ಟ ಮಕ್ಕಳಲ್ಲಿ ಸೌಮ್ಯವಾಗಿದ್ದು, ಪ್ರಾಯದವರಲ್ಲಿ ತಿಂಗಳುಗಟ್ಟಲೆ ಮಲಗಿಸುವಷ್ಟು ಜೋರಾಗಿರುತ್ತದೆ. ಹಾಗಾಗಿ ಒಂದೇ ಮನೆಯಿಂದ ಹೊರಟ ಮೂರು ತಲೆಮಾರಿನಲ್ಲಿ ಅಜ್ಜನಿಗೆ ಬೇಡವಾದ ಲಸಿಕೆ ಮಗನಿಗೂ ಮೊಮ್ಮಗಳಿಗೂ ಬೇಕಾಗುತ್ತದೆ. 'ನಾವು ಭಾರತೀಯರು, ನಮ್ಮ ಹೊಟ್ಟೆ ಎಲ್ಲಕ್ಕೂ ಒಗ್ಗಿದೆ' ಎಂಬ ಧೈರ್ಯದ ಮಾತನ್ನು ಕೇಳುತ್ತಿರುತ್ತೇನೆ. ಒಂದು ಊರಿನ ರೋಗಾಣುಗಳಿಗೆ ಒಗ್ಗಿದ ಹೊಟ್ಟೆ ಇನ್ನೊಂದು ಖಂಡದ ರೋಗಾಣುಗಳಿಗೆ ಒಗ್ಗಿರಬೇಕೆಂದಿಲ್ಲ.

ಇನ್ನು ಮಲೇರಿಯಾ. ನನ್ನ ಮಾತಿನ ಬಹುಭಾಗವನ್ನು ಇದಕ್ಕೇ ಮೀಸಲಿಡುವುದು ನ್ಯಾಯ, ಏಕೆಂದರೆ ಕೆನ್ಯಾಕ್ಕೆ ಹೋಗಿ ಬಂದವರ ಪ್ರಾಣಕ್ಕೆ ಎರವಾಗಬಲ್ಲ ಸೋಂಕುಗಳಲ್ಲಿ ಇದು ಮೊದಲನೆಯದು.

ನಾವು ಮಲೇರಿಯಾ ಕಂಡವರೇ. ಮಂಗಳೂರಿನಲ್ಲಿ ಕಟ್ಟಡಗಳು ಎದ್ದ ಕಾಲದಲ್ಲಿ ಅದರ ಕಾಟ ಎಷ್ಟಿತ್ತೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆ ಪರಿಚಯವೇ ಇಲ್ಲಿ ಮುಳುವಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಂಡ ವೈವಾಕ್ಸ್ ಮಲೇರಿಯಾ ಬಿಟ್ಟು ಬಿಟ್ಟು ಜ್ವರ ಬರಿಸಿ ಹಣ್ಣು ಮಾಡುತ್ತದೆ, ಆದರೆ ಪ್ರಾಣ ತೆಗೆಯುವುದು ವಿರಳ. ಕೆನ್ಯಾದಲ್ಲಿರುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ಪರಾವಲಂಬಿ. ಇದು ಹೊಕ್ಕ ಕೆಂಪು ರಕ್ತಕಣಗಳು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮೆದುಳು, ಮೂತ್ರಪಿಂಡಗಳಿಗೆ ರಕ್ತ ಹರಿಯದಂತೆ ಮಾಡುತ್ತವೆ. ಜ್ವರ ಶುರುವಾದ ಒಂದೆರಡು ದಿನಗಳಲ್ಲೇ ರೋಗಿ ಪ್ರಜ್ಞೆ ತಪ್ಪುವ ಹಂತ ತಲುಪಬಹುದು. ಚಿಕ್ಕಂದಿನಲ್ಲಿ ಒಮ್ಮೆ ಮಲೇರಿಯಾ ಬಂದುಹೋಗಿದ್ದರೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಕೆನ್ಯಾದಲ್ಲೇ ಹುಟ್ಟಿ ಬೆಳೆದು ಹತ್ತಾರು ವರ್ಷ ಬೇರೆಡೆ ಇದ್ದು ಮರಳುವವರ ರಕ್ಷಣೆಯೂ ಕರಗಿಹೋಗಿರುತ್ತದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವುದರಿಂದ ನಗರದಲ್ಲಿ ಅಪಾಯ ಕಡಿಮೆ. ಮೊಂಬಾಸಾದ ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತಲ ಪ್ರದೇಶದಲ್ಲಿ ಬಹಳ ಹೆಚ್ಚು. ನೀವು ಹೊರಟಿರುವ ಮಾರಾದಲ್ಲಿಯೂ ಅಪಾಯ ಇದ್ದೇ ಇದೆ.

ತಡೆಗಟ್ಟಲು ಮಾತ್ರೆಗಳಿವೆ. ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡದು, ಆಫ್ರಿಕಾದ ಫಾಲ್ಸಿಪಾರಂ ಅದಕ್ಕೆ ಎಂದೋ ಪ್ರತಿರೋಧ ಬೆಳೆಸಿಕೊಂಡಿದೆ. ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಡಾಕ್ಸಿಸೈಕ್ಲಿನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ; ಹೊರಡುವ ಹಿಂದಿನ ದಿನದಿಂದ ದಿನಕ್ಕೊಂದರಂತೆ ತೆಗೆದುಕೊಂಡು, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಊಟದ ನಂತರ, ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ. ನುಂಗಿದ ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ. ಇದರಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಸಫಾರಿಯಲ್ಲಿ ತೆರೆದ ಜೀಪಿನಲ್ಲಿ ನಿಲ್ಲುವವರು ಟೋಪಿ, ತುಂಬುತೋಳಿನ ಅಂಗಿ ಮರೆಯಬಾರದು. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಮೆಫ್ಲೋಕ್ವಿನ್ ವಾರಕ್ಕೊಂದು ಮಾತ್ರೆ, ಹೊರಡುವ ಎರಡು ಮೂರು ವಾರ ಮೊದಲೇ ಆರಂಭಿಸಬೇಕು. ಖಿನ್ನತೆ, ಮೂರ್ಛೆರೋಗ ಇದ್ದವರಿಗೆ ಇದು ಸಲ್ಲದು. ಅಟೊವಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮೂರನೆಯ ಮಾತ್ರೆಯನ್ನು ದಿನವೂ ಆಹಾರದೊಂದಿಗೋ ಹಾಲಿನೊಂದಿಗೋ ತೆಗೆದುಕೊಂಡು, ಬಂದ ಮೇಲೆ ಏಳು ದಿನ ಮುಂದುವರಿಸಿದರೆ ಸಾಕು. ಇದು ಅನುಕೂಲವಾದದ್ದು, ಆದರೆ ದುಬಾರಿ, ಎಲ್ಲ ಔಷಧದಂಗಡಿಗಳಲ್ಲಿ ಸಿಗುವುದಿಲ್ಲ. ನಿಮಗೆ ಯಾವುದು ಹೊಂದುತ್ತದೆಂದು ನಿಮ್ಮ ಕಾಯಿಲೆ, ಮಾತ್ರೆಗಳನ್ನು ಬಲ್ಲ ವೈದ್ಯರು ಹೇಳಬೇಕು. ಬೆಳ್ಳುಳ್ಳಿ ತಿಂದರೆ, ಹೋಮಿಯೋಪತಿ ಗುಳಿಗೆ ತೆಗೆದುಕೊಂಡರೆ, ವಿಟಮಿನ್ ಬಿ ನುಂಗಿದರೆ ಸಾಲದೇ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಸಾಲದು. ಇವುಗಳನ್ನು ನಂಬಿ ಮಾತ್ರೆ ಬಿಟ್ಟು ಹೋಗುವುದು ಅಪಾಯ.

ಮಾತ್ರೆ ನುಂಗುತ್ತಿದ್ದೇನೆಂದು ಸೊಳ್ಳೆಯನ್ನು ಕಡೆಗಣಿಸುವಂತೆಯೂ ಇಲ್ಲ. ಇಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಹಳೆಯ ಸಂಗತಿಯನ್ನು ನೆನೆಯಬೇಕೆನಿಸುತ್ತದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಹದಿನಾಲ್ಕು ವರ್ಷ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರುವುದನ್ನು ಕಂಡು ಹುಡುಕಿದಾಗ, ಕಿಟಕಿಯ ಬಳಿ ಇಟ್ಟಿದ್ದ ತೊಟ್ಟಿಯ ನೀರಿನಲ್ಲಿ ಅವು ಹುಟ್ಟುತ್ತಿರುವುದು ಗೊತ್ತಾಯಿತು. ತೊಟ್ಟಿಯನ್ನು ಬರಿದು ಮಾಡಿಸಿದರು, ಕಾಟ ತಗ್ಗಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೂ ತಿಳಿದಿರಲಿಲ್ಲ. ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ಇಲ್ಲವಾಗುತ್ತದೆ ಎಂಬ ಅರಿವು ಅವರಿಗೆ ಮೂಡಿದ್ದು ನಮ್ಮ ಬೆಂಗಳೂರಿನಲ್ಲಿ. 1902ರಲ್ಲಿ ಅವರಿಗೆ ನೊಬೆಲ್ ಬಂತು.

ಪ್ರವಾಸಿಯಾದ ನಿಮಗೆ ಅಲ್ಲಿನ ತೊಟ್ಟಿ ಬರಿದು ಮಾಡಿಸುವ ಅವಕಾಶವಿಲ್ಲ. ನಿಮ್ಮ ಮೈಯನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಸಂಜೆಯ ಸಫಾರಿ, ರಾತ್ರಿ ಬಯಲಿನಲ್ಲಿ ಬೆಂಕಿ ಸುತ್ತ ಕುಳಿತು ಮಾಡುವ ಊಟ ಎರಡೂ ಅದೇ ಹೊತ್ತಿಗೆ ಬರುತ್ತವೆ. ಆ ಹೊತ್ತಿಗೆ ತುಂಬುತೋಳು, ಕಾಲುಚೀಲ, ಉದ್ದ ಪ್ಯಾಂಟು ಇರಲಿ. ಮೈಗೆ ಹಚ್ಚುವ ನಿವಾರಕದ ಕೊಳವೆಯ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. ಡೀಟ್ ಎಂಬ ರಾಸಾಯನಿಕ ಶೇ. 20ರಿಂದ 50ರವರೆಗೆ ಇದ್ದರೆ ಹಲವು ಗಂಟೆ ರಕ್ಷಣೆ ಇರುತ್ತದೆ, ಪ್ರಮಾಣ ಕಡಿಮೆಯಾದಷ್ಟೂ ಮತ್ತೆ ಮತ್ತೆ ಹಚ್ಚಬೇಕು. ಬಿಸಿಲಿನ ಕ್ರೀಮನ್ನು ಮೊದಲು ಹಚ್ಚಿ, ಅದರ ಮೇಲೆ ಸೊಳ್ಳೆಯದನ್ನು ಹಚ್ಚಿ. ಸೊಳ್ಳೆಪರದೆ ಇರುವ ವಸತಿಯನ್ನೇ ಕೇಳಿ ಪಡೆಯಿರಿ, ಮಲಗುವ ಮೊದಲು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಸಫಾರಿಗೆ ಕಡುನೀಲಿ ಮತ್ತು ಕಪ್ಪು ಬಟ್ಟೆ ಬೇಡ, ಪೂರ್ವ ಆಫ್ರಿಕಾದ ಸೆಟ್ಸಿ ನೊಣ ಆ ಬಣ್ಣಗಳಿಗೆ ಆಕರ್ಷಿತವಾಗುತ್ತದೆ. ಅದರ ಕಡಿತ ಬಹಳ ನೋವಿನದು. ಕೆಲವೆಡೆ, ಬಹಳ ಅಪರೂಪಕ್ಕೆ, ಅದು ನಿದ್ರಾರೋಗವನ್ನೂ ಹರಡುತ್ತದೆ. ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ ಒಳ್ಳೆಯದು.

ಊಟದ ವಿಷಯಕ್ಕೆ ಬರೋಣ. ನಮ್ಮಲ್ಲಿ ಸಸ್ಯಾಹಾರಿಗಳು ಬಹಳ. ಮಾಂಸ ಮುಟ್ಟದವರಿಗೆ ಅಪಾಯವಿಲ್ಲ ಎಂಬ ತಿಳಿವಳಿಕೆ ಸರಿಯಲ್ಲ. ಹೆಚ್ಚಿಟ್ಟ ಸೌತೆಕಾಯಿ, ಕೊತ್ತಂಬರಿ ಸೊಪ್ಪಿನ ಹಸಿ ಚಟ್ನಿ, ಹೋಳು ಮಾಡಿಟ್ಟ ಹಣ್ಣು, ಹಣ್ಣಿನ ರಸಕ್ಕೆ ಹಾಕಿದ ಐಸು, ಇವೇ ಹೆಚ್ಚು ಅಪಾಯಕಾರಿ. ಬಿಸಿಬಿಸಿಯಾಗಿ ಬಡಿಸಿದ್ದನ್ನು ಉಣ್ಣಿ, ಬಾಳೆಹಣ್ಣು, ಕಿತ್ತಳೆಯಂಥವನ್ನು ನಿಮ್ಮ ಕೈಯಿಂದಲೇ ಸುಲಿದು ತಿನ್ನಿ.

ಇಡೀ ದಿನದ ಸಫಾರಿಗೆ ಬೆಳಗ್ಗೆ ಕಟ್ಟಿಸಿಕೊಂಡು ಹೋಗುವ ಅನ್ನದ ಬಗ್ಗೆ ವಿಶೇಷವಾಗಿ ಹೇಳಬೇಕು. ಭಾರತೀಯರ ಗುಂಪಿನ ಜೊತೆ ಅಡುಗೆಯವರು ಹೋಗುವುದೂ ಉಂಟು, ಅವರು ಮುಂಜಾನೆ ನಾಲ್ಕಕ್ಕೆ ಮಾಡಿದ ಮೊಸರನ್ನವನ್ನು ಮಧ್ಯಾಹ್ನ ಒಂದಕ್ಕೆ ಮರದ ನೆರಳಲ್ಲಿ ಬಿಚ್ಚುತ್ತಾರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದಾಗ ಅವು ಮೊಳೆತು ವಿಷವನ್ನು ಸ್ರವಿಸುತ್ತವೆ, ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಹಿಡಿಯುತ್ತದೆ. ಹುಣಸೆಹುಳಿ, ಎಣ್ಣೆ ಚೆನ್ನಾಗಿ ಬಿದ್ದ ಪುಳಿಯೋಗರೆ ಇದಕ್ಕಿಂತ ವಾಸಿ, ಆದರೂ ಅದನ್ನು ಅಭಯವೆಂದು ತಿಳಿಯಬಾರದು. ಅಡುಗೆ ಮಾಡಿ ಎರಡು ಗಂಟೆ ಮೀರಿದ ಅನ್ನ ತಂಪುಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ. ಅಂಥ ದಿನಗಳಿಗೆ ನಮ್ಮ ಒಣ ತಿಂಡಿಗಳೇ ಶ್ರೇಷ್ಠ: ಹುರಿದ ಅವಲಕ್ಕಿ, ಖಾಖ್ರಾ, ಕೋಡುಬಳೆ, ಚಟ್ನಿಪುಡಿ, ಹುರಿಗಡಲೆ. ನೀರಿನಂಶ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನಮ್ಮ ಅಜ್ಜಿಯರು ಯಾತ್ರೆಗೆ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಈ ತಿಳಿವಳಿಕೆ ಇತ್ತು.

ನೀರಿನ ವಿಷಯದಲ್ಲಿ ಕೆನ್ಯಾದ ಒಂದು ನಿಯಮ ನೆನಪಿರಲಿ. 2017ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನೂ, 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳಂಥ ಸಂರಕ್ಷಿತ ಪ್ರದೇಶಗಳಲ್ಲಿ ಬಳಸಿ ಎಸೆಯುವ ನೀರಿನ ಬಾಟಲಿಗಳನ್ನೂ ಅಲ್ಲಿನ ಸರ್ಕಾರ ನಿಷೇಧಿಸಿದೆ. ಹಾಗಾಗಿ ಒಬ್ಬೊಬ್ಬರೂ ಒಂದೊಂದು ಸ್ಟೀಲ್ ಬಾಟಲಿ ಒಯ್ಯಿರಿ, ವಸತಿಯಲ್ಲಿ ಕುದಿಸಿದ ಅಥವಾ ಶುದ್ಧೀಕರಿಸಿದ ನೀರನ್ನು ತುಂಬಿಸಿಕೊಳ್ಳಿ. ಹಲ್ಲುಜ್ಜಲೂ ಅದೇ ನೀರು ಇರಲಿ.

ಇಷ್ಟಾದರೂ ಭೇದಿ ಹಿಡಿಯಬಹುದು. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ. ಇದರ ಶಕ್ತಿಯನ್ನು ಜಗತ್ತಿಗೆ ತೋರಿಸಿದವರು ನಮ್ಮ ದೇಶದ ವೈದ್ಯ ದಿಲೀಪ್ ಮಹಲನಬೀಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸತೊಡಗಿದರು, ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಔಷಧದಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದು ಕೇಳಿ ಪಡೆಯಿರಿ, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಕರಗಿಸಿ. ಪೆಟ್ಟಿಗೆಯಲ್ಲಿ ಬರುವ, ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪಾನೀಯಗಳು ಇದಕ್ಕೆ ಸಾಟಿಯಲ್ಲ; ಸಕ್ಕರೆ ಮಿತಿಮೀರಿದರೆ ಭೇದಿ ಹೆಚ್ಚುತ್ತದೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಬಸ್ಸಿನ, ವಿಮಾನದ ಪ್ರಯಾಣಕ್ಕೆ ಮಾತ್ರ ಇಟ್ಟುಕೊಳ್ಳಿ. ಮಲದಲ್ಲಿ ರಕ್ತ ಕಂಡರೆ, ಜೊತೆಗೆ ಜ್ವರವಿದ್ದರೆ ಅದನ್ನು ನುಂಗಬೇಡಿ, ವೈದ್ಯರನ್ನು ಕಾಣಿ.

ದಿನನಿತ್ಯದ ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ, ವಾರದಷ್ಟು ಹೆಚ್ಚೇ ಇರಲಿ, ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ಇನ್ಸುಲಿನ್ ಅನ್ನು ಸರಕಿನ ಪೆಟ್ಟಿಗೆಯಲ್ಲಿ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ನಿಮ್ಮಲ್ಲಿ ಅನೇಕರು ದುಬೈ ಮಾರ್ಗವಾಗಿ ಹೋಗುವವರು. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ರೆಯ ಕೆಲವು ಮಾತ್ರೆಗಳು ಅಲ್ಲಿ ನಿಯಂತ್ರಿತ ಪದಾರ್ಥಗಳು. ಅನುಮತಿ ಇಲ್ಲದೆ ಒಯ್ದರೆ ಕಾನೂನಿನ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಗಸಗಸೆಯೂ ಅಲ್ಲಿ ನಿಷಿದ್ಧ. ಮಸಾಲೆಪುಡಿ, ಗಸಗಸೆ ಹಾಕಿದ ಸಿಹಿತಿಂಡಿಗಳನ್ನು ಕಟ್ಟಿಕೊಳ್ಳುವಾಗ ಇದನ್ನು ಮರೆಯಬೇಡಿ.

ವಿಮೆ ಮಾಡಿಸುವಾಗ ತುರ್ತು ವೈದ್ಯಕೀಯ ಸಾಗಣೆ ಸೇರಿದೆಯೇ ಎಂದು ನೋಡಿ. ಮಾರಾದಲ್ಲಿ ಯಾರಿಗಾದರೂ ಹೃದಯಾಘಾತವಾದರೆ ದೊಡ್ಡ ಆಸ್ಪತ್ರೆ ಇರುವುದು ನೈರೋಬಿಯಲ್ಲಿ. 1957ರಲ್ಲಿ ಆರಂಭವಾದ ಆಮ್ರೆಫ್ ಸಂಸ್ಥೆಯ ಹಾರುವ ವೈದ್ಯರ ಸೇವೆ ಪುಟ್ಟ ವಿಮಾನಗಳಲ್ಲಿ ರೋಗಿಗಳನ್ನು ಅಲ್ಲಿಗೆ ಒಯ್ಯುತ್ತದೆ, ಆ ವೆಚ್ಚವನ್ನು ಸಾಮಾನ್ಯ ಕುಟುಂಬ ಭರಿಸುವುದು ಕಷ್ಟ. ಪ್ರವಾಸಿಗರು ಪರದೇಶದಲ್ಲಿ ಸಾಯುವುದು ಸೋಂಕಿಗಿಂತ ರಸ್ತೆ ಅಪಘಾತ, ಹೃದ್ರೋಗಗಳಿಂದಲೇ ಹೆಚ್ಚು. ಹಾಗಾಗಿ ಹೆದ್ದಾರಿಯಲ್ಲಿ ವ್ಯಾನಿನ ಹಿಂದಿನ ಸೀಟಿನಲ್ಲಿದ್ದರೂ ಬೆಲ್ಟ್ ಕಟ್ಟಿಕೊಳ್ಳಿ. ವಸತಿಗಳ ಸುತ್ತ ಓಡಾಡುವ ಕೋತಿಗಳಿಗೆ ಬಿಸ್ಕತ್ತು ಕೊಡಬೇಡಿ. ಕೋತಿಯೋ ನಾಯಿಯೋ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದು ಆರಂಭಿಸಿ, ಊರಿಗೆ ಹೋಗಿ ನೋಡೋಣ ಎಂದು ತಡಮಾಡಬೇಡಿ.

ಈಗ ಮರಳಿ ಬಂದ ಮೇಲಿನ ಮಾತು. ನೀವು ಆಗಸ್ಟ್ ಕೊನೆಗೆ ಬಂದಿಳಿಯುತ್ತೀರಿ. ಆಗ ನಮ್ಮಲ್ಲಿ ಮಳೆಗಾಲ, ಊರ ತುಂಬ ಡೆಂಗ್ಯೂ. ಬಂದ ಹತ್ತು ಹನ್ನೆರಡನೆಯ ದಿನ ಜ್ವರ, ಮೈಕೈ ನೋವು, ತಲೆನೋವು ಶುರುವಾಗುತ್ತದೆ. ಮನೆಯವರು ಪ್ರಯಾಣದ ಆಯಾಸ ಎನ್ನುತ್ತಾರೆ, ಪ್ಯಾರಾಸಿಟಮಾಲ್ ಕೊಡುತ್ತಾರೆ. ಎರಡು ದಿನದ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಎಣಿಕೆ ಇಳಿದಿರುತ್ತದೆ. ಪ್ಲೇಟ್‌ಲೆಟ್ ಇಳಿದಿದೆ ಎಂದೊಡನೆ ಎಲ್ಲರ ಮನಸ್ಸೂ ಡೆಂಗ್ಯೂ ಕಡೆ ವಾಲುತ್ತದೆ. ಫಾಲ್ಸಿಪಾರಂ ಮಲೇರಿಯಾದಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ ಎಂಬುದು ನೆನಪಿಗೆ ಬರುವ ಹೊತ್ತಿಗೆ ರೋಗಿ ತೊದಲತೊಡಗಿರುತ್ತಾನೆ. ಡೆಂಗ್ಯೂ ಜ್ವರಕ್ಕೆ ಕಾದು ನೋಡುವುದೇ ಬಹುತೇಕ ಚಿಕಿತ್ಸೆ. ಫಾಲ್ಸಿಪಾರಂಗೆ ಕಾಯುವುದೇ ಅಪಾಯ. ಸಕಾಲದಲ್ಲಿ ಗೊತ್ತಾದರೆ ಆರ್ಟಿಮಿಸಿನಿನ್ ವರ್ಗದ ಔಷಧಗಳಿಂದ ಅದು ಪೂರ್ತಿಯಾಗಿ ಗುಣವಾಗುವ ಕಾಯಿಲೆ. ಅಂಥ ಕಾಯಿಲೆಯಿಂದ ಒಬ್ಬರೂ ಸಾಯಬಾರದು, ಸಾಯುತ್ತಿರುವುದು ತಡವಾಗಿ ಗೊತ್ತಾಗುವುದರಿಂದ.

ಆದ್ದರಿಂದ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: 'ಡಾಕ್ಟ್ರೇ, ನಾನು ಕೆನ್ಯಾಕ್ಕೆ ಹೋಗಿ ಬಂದಿದ್ದೇನೆ, ಮಲೇರಿಯಾ ಪರೀಕ್ಷೆ ಮಾಡಿಸಿ.' ವೈದ್ಯರು ಕೇಳಲಿ ಎಂದು ಕಾಯಬೇಡಿ. ಮಳೆಗಾಲದಲ್ಲಿ ಒಂದು ಬೆಳಗಿಗೆ ನೂರು ಜ್ವರದ ರೋಗಿಗಳನ್ನು ನೋಡುವ ವೈದ್ಯರಿಗೆ ನಿಮ್ಮ ಪಾಸ್‌ಪೋರ್ಟಿನ ಮುದ್ರೆ ಕಾಣುವುದಿಲ್ಲ. ನಿಮಗೆ ಹೇಳಲಾಗದಷ್ಟು ಸುಸ್ತಾಗಿರಬಹುದು, ಆದ್ದರಿಂದ ಮನೆಯವರಿಗೂ ಇದನ್ನು ಕಲಿಸಿಡಿ. ಮೊದಲ ಪರೀಕ್ಷೆಯಲ್ಲಿ ಮಲೇರಿಯಾ ಇಲ್ಲವೆಂದು ಬಂದರೂ ಜ್ವರ ನಿಲ್ಲದಿದ್ದರೆ 12ರಿಂದ 24 ಗಂಟೆಯಲ್ಲಿ ಮತ್ತೆ ಮಾಡಿಸಬೇಕು, ರಕ್ತದಲ್ಲಿ ಪರಾವಲಂಬಿಗಳ ಸಂಖ್ಯೆ ಕಡಿಮೆ ಇದ್ದಾಗ ಅವು ಕಣ್ತಪ್ಪುತ್ತವೆ. ಕಚ್ಚಿದ ಏಳು ದಿನದೊಳಗೆ ಮಲೇರಿಯಾ ಕಾಣಿಸಿಕೊಳ್ಳುವುದಿಲ್ಲ. ಫಾಲ್ಸಿಪಾರಂ ಬಹುತೇಕ ಮೂರು ತಿಂಗಳೊಳಗೆ ಹೊರಬೀಳುತ್ತದೆ. ಆದರೂ ಒಂದು ವರ್ಷದವರೆಗೆ ಯಾವುದೇ ಜ್ವರ ಬಂದರೂ ಪ್ರವಾಸದ ವಿಷಯ ಹೇಳಿ.

ಇನ್ನೊಂದು ಕಾಯಿಲೆ ನಮ್ಮ ವೈದ್ಯರ ಕಣ್ಣಿಗೆ ಬೀಳುವುದೇ ಅಪರೂಪ. ವಿಕ್ಟೋರಿಯಾ ಸರೋವರದಂಥ ಸಿಹಿನೀರಿನಲ್ಲಿ ಈಜಿದವರ, ಕಾಲು ಇಳಿಬಿಟ್ಟು ಕುಳಿತವರ ಚರ್ಮವನ್ನು ತೂರಿ ಒಳಹೋಗುವ ಹುಳುವಿನಿಂದ ಬಿಲ್‌ಹಾರ್ಜಿಯಾ ಬರುತ್ತದೆ. ಬಸವನಹುಳುಗಳಲ್ಲಿ ಬೆಳೆದು ನೀರಿಗೆ ಬರುವ ಈ ಹುಳು ಕಣ್ಣಿಗೆ ಕಾಣುವುದಿಲ್ಲ, ನೀರು ಎಷ್ಟು ತಿಳಿಯಾಗಿದ್ದರೂ ಇರಬಹುದು. ವಾರಗಳ ನಂತರ ಜ್ವರ, ಮೈಮೇಲೆ ದದ್ದು, ಕೆಮ್ಮು ಬರಬಹುದು. ತಿಂಗಳುಗಳ ನಂತರ ಮೂತ್ರದಲ್ಲಿ ರಕ್ತ ಕಾಣಬಹುದು. ಮೂತ್ರದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಕಲ್ಲು, ಪ್ರಾಸ್ಟೇಟ್ ಎಂದು ಹುಡುಕುತ್ತಾರೆ, ಆಫ್ರಿಕಾದ ಸರೋವರವನ್ನು ಯಾರೂ ನೆನೆಯುವುದಿಲ್ಲ. ಸಿಹಿನೀರಿಗೆ ಇಳಿಯದಿರುವುದೇ ಮೇಲು, ಸಮುದ್ರದಲ್ಲಿ ಮತ್ತು ಕ್ಲೋರಿನ್ ಹಾಕಿದ ಈಜುಕೊಳದಲ್ಲಿ ಈ ಭಯವಿಲ್ಲ. ಇಳಿದಿದ್ದರೆ ಬಂದ ಎರಡು ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿ. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆಯಿಂದ ಇದು ವಾಸಿಯಾಗುತ್ತದೆ.

ಡಾಕ್ಸಿಸೈಕ್ಲಿನ್ ಆರಂಭಿಸಿದವರು ಊರಿಗೆ ಬಂದು ಕೆಲಸಕ್ಕೆ ಹತ್ತಿದ ಮೇಲೆ ಅದನ್ನು ನಿಲ್ಲಿಸಿಬಿಡುವುದು ಹೆಚ್ಚು. ಯಕೃತ್ತಿನಲ್ಲಿ ಅಡಗಿದ್ದ ಪರಾವಲಂಬಿ ರಕ್ತಕ್ಕೆ ಇಳಿದಾಗ ಅದನ್ನು ಕೊಲ್ಲಲೆಂದೇ ಆ ನಾಲ್ಕು ವಾರದ ಮಾತ್ರೆ ಇರುವುದು. ಊಟದ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟು ಮುಗಿಸಿ. ರಕ್ತದಾನ ಮಾಡುವ ಅಭ್ಯಾಸ ಇರುವವರು ಹಳದಿ ಜ್ವರದ ಲಸಿಕೆ ಪಡೆದು ನಾಲ್ಕು ವಾರವಾಗುವವರೆಗೆ ರಕ್ತ ಕೊಡಬಾರದು. ಅದರ ನಂತರವೂ ರಕ್ತನಿಧಿಯಲ್ಲಿ ಕೇಳುವ ಪ್ರಶ್ನೆಪತ್ರವನ್ನು ತುಂಬುವಾಗ ಮಲೇರಿಯಾ ಇರುವ ದೇಶಕ್ಕೆ ಹೋಗಿ ಬಂದದ್ದನ್ನು ಬರೆಯಿರಿ, ಎಷ್ಟು ತಿಂಗಳು ಕಾಯಬೇಕೆಂದು ಅಲ್ಲಿನವರು ತಿಳಿಸುತ್ತಾರೆ.